ಕಾಕಾ ನಡೆಸಿದ ಪಟ್ಟಾಧಿಕಾರ

ಅಧಿಕಾರದ ಹಸ್ತಾಂತರವು ರಾಜ್ಯಗಳನ್ನು ಕೆಡವಿದೆ, ಮನೆತನಗಳನ್ನು ಒಡೆದಿದೆ, ಅಣ್ಣತಮ್ಮಂದಿರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದೆ. ಬೈಲಹೊಂಗಲದಲ್ಲಿ ಮಾತ್ರ ಅದು ಈಚೆಗೆ ಒಂದು ಏರುದನಿಯೂ ಇಲ್ಲದೆ ಮುಗಿದುಹೋಯಿತು. ಕೆಳಗಿಳಿದವರು ಒಂದು ಕರಿ ಕಬ್ಬಿಣದ ಡಬ್ಬಿ. ಇಳಿಸಿದವರು ನಮ್ಮ ಕಾಕಾ.

ನಮ್ಮ ಕಾಕಾರಿಗೆ ತಲೆ ನೆಟ್ಟಗಿಲ್ಲ ಎಂದು ನಾಲ್ಕು ಊರಿನಲ್ಲಿ ಹೇಳುತ್ತಾರೆ. ಐದನೆಯ ಊರಿಗೆ ಅವರು ಹೋಗಿಲ್ಲ, ಅದಕ್ಕೆ! ನಮ್ಮ ಸಂಸ್ಥೆಯ ಕಾಲೇಜುಗಳಿರುವುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ. ರಾಮದುರ್ಗದ ಕಚೇರಿಯಲ್ಲಿ ನಾನು ಅಧೀಕ್ಷಕ. ನಾಲ್ಕೂ ಕಡೆಯ ಕಂಪ್ಯೂಟರುಗಳ ಯೋಗಕ್ಷೇಮ ಕಾಕಾರದು. ಅಪ್ಪನ ಕೊನೆಯ ತಮ್ಮನಾದರೂ ನನಗಿಂತ ಆರೇ ವರ್ಷ ದೊಡ್ಡವರು, ಗಾಂಭೀರ್ಯದಲ್ಲಿ ಅರುವತ್ತು.

ಬೈಲಹೊಂಗಲದ ಕಾಲೇಜಿನ ಹಿಂದಿನ ಕೋಣೆಯಲ್ಲಿ ಅವರ ಸರ್ವರ್ ಇತ್ತು. ಡೊಮೇನ್ ಕಂಟ್ರೋಲರ್ ಎಂದು ಅದರ ಹುದ್ದೆ. ಹೆದರಬೇಡಿ, ವಾಡೆಯ ಬಾಗಿಲಲ್ಲಿ ಕೂಡುವ ಹಳೆಯ ಆಳಿನ ಕೆಲಸವೇ ಅದು. ನೂರಾ ನಲವತ್ತು ಮಂದಿ ಬೆಳಿಗ್ಗೆ ಪಾಸ್‌ವರ್ಡ್ ಹೊಡೆದಾಗ “ಹೌದು, ಇವರು ನಮ್ಮವರೇ, ಒಳಗೆ ಬಿಡಿ” ಎನ್ನುವುದು ಅದೇ. ಅದು ಬಾಯಿ ಮುಚ್ಚಿದರೆ ಪ್ರಿನ್ಸಿಪಾಲರೂ ಹೊರಗೆ, ಪರೀಕ್ಷೆಯ ಅರ್ಜಿಗಳೂ ಹೊರಗೆ.

ಕಾಕಾ ಅದನ್ನು ‘ಅದು’ ಎಂದವರಲ್ಲ. “ಅವರಿಗೆ ಇವತ್ತ ಮೈ ಬಿಸಿ ಐತಿ, ಗದ್ಲಾ ಮಾಡಬ್ಯಾಡ್ರಿ” ಎನ್ನುವರು. ಪ್ರಿನ್ಸಿಪಾಲರು ಸಂಪಗಾಂವದ ಸಾಲಿಯಲ್ಲಿ ಇವರ ಜೊತೆ ಕಲಿತವರು. ಅವರು ಇಣುಕಿದರೆ, “ಬಾಗಲಾ ಹಾಕೋ, ಧೂಳ ಬರ್ತೈತಿ.” ಮರ್ಯಾದೆಯ ದಾಸ್ತಾನು ಎಲ್ಲವೂ ಡಬ್ಬಿಗೇ ಖರ್ಚಾದರೆ ಮನುಷ್ಯರಿಗೆ ಎಲ್ಲಿಂದ ತರುವುದು?

ಡಬ್ಬಿಗೆ ವಯಸ್ಸಾಯಿತು. ಫ್ಯಾನು ಶೇಂಗಾ ಒಡೆಯುವ ಯಂತ್ರದಂತೆ ಸದ್ದು ಮಾಡತೊಡಗಿತು, ಒಂದು ಡಿಸ್ಕು ತೀರಿಯೇಹೋಯಿತು. ಮುಂದಿನ ತಿಂಗಳು ಪರೀಕ್ಷೆಯ ಅರ್ಜಿಗಳು. ಇದನ್ನು ವರ್ಚುವಲ್ ಮಷಿನ್ ಮಾಡಿಬಿಡಿ ಎಂದು ಆಡಳಿತ ಮಂಡಳಿ ಅಪ್ಪಣೆ ಕೊಡಿಸಿತು. ಅಂದರೆ ಕಬ್ಬಿಣದ ದೇಹ ಬಿಟ್ಟು, ಹೊಸ ದೊಡ್ಡ ಯಂತ್ರವೊಂದರ ಹೊಟ್ಟೆಯಲ್ಲಿ ಬರಿಯ ಜೀವವಾಗಿ ಇರುವುದು. ವೇದಾಂತವೇ ಸರಿ!

ಬೆಳಗಾವಿಯ ಕಂತ್ರಾಟುದಾರರೊಬ್ಬರು ಸಭೆಗೆ ಬಂದು, ಇದ್ದದ್ದನ್ನು ಇದ್ದಂತೆ ಕಾಪಿ ಮಾಡಿ ಹೊಸದರಲ್ಲಿ ಎಬ್ಬಿಸುತ್ತೇವೆ, ಎರಡು ತಾಸಿನ ಕೆಲಸ ಎಂದರು. ಅಧ್ಯಕ್ಷರ ಮುಖ ಅರಳಿತು. ಕಾಕಾ ಎದ್ದು ನಿಂತರು.

“ಮಠದಾಗ ಸ್ವಾಮಿಗೋಳು ಕುಂತಿರೂವಾಗ ಅವರ ಫೋಟೋಕ್ಕ ಪಟ್ಟಾ ಕಟ್ಟತೀರೇನ್ರಿ?”

ಕಾಕಾ ವಿವರಿಸಿದರು: ಹಳೆಯದೂ ಅದರ ಕಾಪಿಯೂ ಅಪ್ಪಿತಪ್ಪಿ ಒಟ್ಟಿಗೆ ಎಚ್ಚರಾದರೆ ಇಬ್ಬರೂ ನಾನೇ ಅಸಲಿ ಎನ್ನುತ್ತಾರೆ, ಒಬ್ಬರು ಬಿಟ್ಟವರನ್ನು ಇನ್ನೊಬ್ಬರು ತಡೆಯುತ್ತಾರೆ. ಹಿರಿಯರು ಇರುವಾಗಲೇ ಕಿರಿಯರನ್ನು ಮಗ್ಗುಲಲ್ಲಿ ಕೂಡಿಸಬೇಕು, ಕಲಿಸಬೇಕು, ಆಮೇಲೆ ಅಧಿಕಾರ ಬಿಡಿಸಬೇಕು. ಮೂರು ವಾರ ಬೇಕು. ಅಧ್ಯಕ್ಷರು ಒಪ್ಪಿದರು. ಆದರೆ ಒಬ್ಬರ ಕೆಲಸ ನಿಂತರೂ ಕೋಣೆಯ ಕೀಲಿ ಕಂತ್ರಾಟುದಾರರಿಗೆ ಎಂದರು. ಕಾಕಾರ ಬದುಕಿನಲ್ಲಿ ಆ ಕೀಲಿಗಿಂತ ದೊಡ್ಡ ಆಸ್ತಿ ಇರಲಿಲ್ಲ.

ಹೊಸ ಯಂತ್ರದ ಹೊಟ್ಟೆಯಲ್ಲಿ ಕೂತ ಕಿರಿಯರ ಪಾಠ ಆರಂಭವಾಯಿತು. ಹಿರಿಯರಿಗೆ ಹೇಳಿದ್ದು ಕಿರಿಯರಿಗೆ ಮುಟ್ಟಿತೇ ಎಂದು ನೋಡಲು ಕಾಕಾ ಸವದತ್ತಿಯ ಗ್ರಂಥಾಲಯದ ಮೌಲಾಸಾಬರನ್ನು ಆರಿಸಿಕೊಂಡರು. ದಿನಕ್ಕೆ ಮೂರು ಸಲ ಅವರ ಪಾಸ್‌ವರ್ಡ್ ಬದಲಾಯಿತು. ನಾಲ್ಕನೆಯ ದಿನ ಮೌಲಾಸಾಬರು ಫೋನಿನಲ್ಲಿ, “ಕಾಕಾರ, ಇನ್ನ ನಾ ಯಾರಂತ ನನಗ ಕೇಳಬ್ಯಾಡ್ರಿ” ಎಂದರಂತೆ.

ಎರಡನೆಯ ವಾರ ಪಟ್ಟಾಧಿಕಾರ. ಇಂಥ ಸರ್ವರ್‌ಗೆ ವಿಶೇಷ ಅಧಿಕಾರಗಳು ಐದು. ಐದನ್ನೂ ಐದು ನಿಮಿಷದಲ್ಲಿ ಕೊಡಬಹುದು. ಕಾಕಾ ದಿನಕ್ಕೊಂದರಂತೆ ಕೊಟ್ಟರು. ಅವಸರದಲ್ಲಿ ಕೊಟ್ಟದ್ದು ದಕ್ಕುವುದಿಲ್ಲವಂತೆ!

ಮೂರನೆಯ ವಾರ ಹಿರಿಯರಿಗೆ ಮೌನವ್ರತ. ಬೀಳ್ಕೊಡುವ ಮೊದಲು ಐದು ದಿನ ಸುಮ್ಮನೆ ಆರಿಸಿಟ್ಟು, ಅವರಿಲ್ಲದೆ ಎಲ್ಲ ನಡೆಯುವುದೇ ಎಂದು ನೋಡುವುದು. ಮೊದಲ ದಿನ ಮಧ್ಯಾಹ್ನ ಸವದತ್ತಿಯಿಂದ ಫೋನು ಬಂತು. ಮೌಲಾಸಾಬರು ಬೆಳಗಿನಿಂದ ಹೊರಗೇ ಕುಳಿತಿದ್ದರು. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕಾಕಾ ಕೇಳಿದರೆ ಅವರು ಶಾಂತವಾಗಿ, “ಇದೂ ನಿಮ್ಮ ಪರೀಕ್ಷಾನ ಅಂತ ತಿಳಕೊಂಡೆ” ಎಂದರು.

ಕಾಕಾ ಹಿರಿಯರನ್ನು ಎಬ್ಬಿಸಿದರು; ಐದು ನಿಮಿಷದಲ್ಲಿ ಮೌಲಾಸಾಬರು ಒಳಗೆ. ಆಮೇಲೆ ಕಾಕಾ ಸವದತ್ತಿಯ ಬಸ್ಸು ಹತ್ತಿದರು. ಅಂದು ಹುಣ್ಣಿಮೆ. ದೇವಿಯ ಗುಡ್ಡಕ್ಕೆ ಹೊರಟ ಜನರ ನಡುವೆ ಒಂಟಿಗಾಲಲ್ಲಿ ನಿಂತು ಹೋಗಿ ನೋಡಿದರೆ, ಆ ಕಂಪ್ಯೂಟರಿನಲ್ಲಿ ಹಳೆಯ ಸರ್ವರಿನ ವಿಳಾಸವೊಂದನ್ನೇ ಯಾರೋ ಕೈಯಾರೆ ಬರೆದಿಟ್ಟಿದ್ದರು; ಕಿರಿಯರನ್ನು ಅದು ಕೇಳಿಯೇ ಇರಲಿಲ್ಲ. ಹಿರಿಯರು ಶಾಶ್ವತ ಎಂದು ನಂಬಿದ ಯಾರೋ. ಕಾಕಾರೇ.

ವಿಳಾಸ ತಿದ್ದಿದರು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಮೌಲಾಸಾಬರು ಬಾಯಿ ಬಿಡುವವರಲ್ಲ. ಆದರೆ ಕಾಕಾ ನೆಟ್ಟಗೆ ಅಧ್ಯಕ್ಷರ ಮನೆಗೆ ಹೋಗಿ, ಒಬ್ಬರ ಕೆಲಸ ನಿಂತಿತ್ತು, ತಪ್ಪು ನನ್ನದು ಎಂದು ಹೇಳಿ ಕೀಲಿಯನ್ನು ಮೇಜಿನ ಮೇಲೆ ಇಟ್ಟರು.

“ನೀವು ಹೇಳದಿದ್ರ ನಮಗ ಗೊತ್ತ ಆಗತಿದ್ದಿಲ್ಲಲ್ರಿ” ಎಂದರು ಅಧ್ಯಕ್ಷರು.

“ಅದಕ್ಕ ಹೇಳೀನ್ರಿ.”

ಅಧ್ಯಕ್ಷರು ಕೀಲಿಯನ್ನು ಕಾಕಾರ ಕಡೆಗೇ ಸರಿಸಿದರು. ಈ ಸಂಗತಿಯನ್ನು ನಾನು ರಾಮದುರ್ಗದಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ.

ಮೌನವ್ರತ ಮತ್ತೆ ಮೊದಲ ದಿನದಿಂದ ನಡೆಯಿತು. ಈ ಸಲ ಐದು ದಿನವೂ ಫೋನು ಬರಲಿಲ್ಲ. ರವಿವಾರ ಬೀಳ್ಕೊಡುಗೆ, ಚೇಷ್ಟೆ ಮಾಡಲೆಂದೇ ನಾನೂ ಹೋದೆ. ಕಾಕಾ ಹಿರಿಯರನ್ನು ಕೊನೆಯ ಸಲ ಎಬ್ಬಿಸಿ, ಕ್ರಮವಾಗಿ ಪದವಿಯಿಂದ ಇಳಿಸಿದರು. ಇನ್ನು ಗುಂಡಿ ಒತ್ತುವುದೊಂದೇ ಉಳಿದಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು, ಹಿಂದೆ ಬಂತು.

“ನೀ ಒತ್ತೋ” ಎಂದರು.

ಒತ್ತಿದೆ. ಫ್ಯಾನು ನಿಧಾನವಾಗಿ ನಿಂತಿತು. ಆ ಕೋಣೆ ಅಷ್ಟು ಶಾಂತವಾದದ್ದನ್ನು ನಾನು ಕಂಡಿರಲಿಲ್ಲ. ಕಾಕಾ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದರು. ಅವರ ಮಗ್ಗುಲಿಗೆ ಹೋಗಿ ನಾನೂ ಕೈ ಇಟ್ಟೆ. ಬಿಸಿ ಆರುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದೆವು.

ಮರುದಿನ ನಾಲ್ಕು ಊರಿನ ನೂರಾ ನಲವತ್ತು ಮಂದಿ ಪಾಸ್‌ವರ್ಡ್ ಹೊಡೆದರು. ಎಲ್ಲರೂ ಒಳಗೆ ಹೋದರು.