ಮಾವ ಹಾಕಿದ ನ್ಯೂಯಾರ್ಕ್ ಮಾರ್ಕ್ಸು

ಊರಿಂದ ಯಾರೇ ಬರಲಿ, ಅವರಿಗೆ ನ್ಯೂಯಾರ್ಕ್ ತೋರಿಸುವ ಕೆಲಸ ನನ್ನ ಕೊರಳಿಗೇ ಬೀಳುತ್ತದೆ. ಬಿದ್ದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ನಮ್ಮ ಮನೆ ಪಕ್ಕದ ರಾಜ್ಯದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ, ಆಫೀಸು ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಬಸ್ಸಿನಲ್ಲಿ ಕಮ್ಯೂಟ್ ಮಾಡುವವನಿಗೆ ಊರಿನ ಚರಿತ್ರೆಯೂ ಗೊತ್ತಿರುತ್ತದೆ ಎಂದು ಬಂಧುಬಳಗದ ನಂಬಿಕೆ. ನನಗೆ ಸರಿಯಾಗಿ ಗೊತ್ತಿದ್ದದ್ದು ಬಸ್ಸಿನ ಟೈಮು ಮಾತ್ರ.

ಇದರಲ್ಲಿ ನನ್ನ ಮಾನದ ಪ್ರಶ್ನೆಯೂ ಇತ್ತು. ನಮ್ಮ ಮಾವ, ಅಂದರೆ ಹೆಂಡತಿಯ ತಂದೆ, ಮೈಸೂರಿನಲ್ಲಿ ಹೈಸ್ಕೂಲ್ ಚರಿತ್ರೆ ಮೇಷ್ಟರಾಗಿದ್ದು ರಿಟೈರ್ ಆದವರು. ಇಂಜಿನಿಯರ್ ಅಂದರೆ ಚರಿತ್ರೆಯಲ್ಲಿ ಫೇಲಾಗಿ ಹೇಗೋ ಬದುಕಿಕೊಂಡವನು ಎಂಬುದು ಅವರ ಅಭಿಪ್ರಾಯ. ಅತಿಥಿಗಳನ್ನು ನಮ್ಮಲ್ಲಿಗೆ ಕಳಿಸುವವರೂ ಅವರೇ. ಹಿಂತಿರುಗಿದವರನ್ನು ಕೂರಿಸಿಕೊಂಡು ವಿಚಾರಿಸಿ, ಭಾನುವಾರ ಫೋನ್ ಮಾಡಿ, ನನ್ನ ಗೈಡುಗಿರಿಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕುವವರೂ ಅವರೇ. ಸಾಯುವುದರೊಳಗೆ ಒಮ್ಮೆಯಾದರೂ ಮಾವನ ಕೈಲಿ ಪಾಸ್ ಆಗಬೇಕು ಅನ್ನುವುದು ನನ್ನ ಆಸೆ. ಐವತ್ತು ದಾಟಿದವನು ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ.

ಗೋಡೆ ಎಲ್ಲಿ?

ಮೊದಲು ಬಂದವರು ಹೆಂಡತಿಯ ದೊಡ್ಡಮ್ಮ. ಅವರನ್ನು ವಾಲ್ ಸ್ಟ್ರೀಟಿನಲ್ಲಿ ನಿಲ್ಲಿಸಿ, "ದೊಡ್ಡಮ್ಮ, ಇಲ್ಲಿ ಡಚ್ಚರು ಊರಿನ ಕಾವಲಿಗೆ ಮರದ ಗೋಡೆ ಕಟ್ಟಿದ್ರು. ಅದಕ್ಕೇ ಈ ಹೆಸರು" ಅಂದೆ.

"ಗೋಡೆ ಎಲ್ಲಪ್ಪಾ?"

"ಈಗಿಲ್ಲ. ಆಮೇಲೆ ಬಂದ ಇಂಗ್ಲಿಷರು ಕೆಡವಿಬಿಟ್ರು."

"ಗೋಡೆನೇ ಇಲ್ದಿದ್ಮೇಲೆ ಈ ಮಂಡಿನೋವಲ್ಲಿ ನನ್ನ ಯಾಕೆ ನಡೆಸ್ಕೊಂಡು ಬಂದೆ?"

ಅಷ್ಟರಲ್ಲಿ ಅವರ ಕಣ್ಣು ಬೀದಿಯ ಮೂಲೆಗೆ ಹೋಯಿತು. ಅಲ್ಲಿ ಯಾವುದೋ ಕಟ್ಟಡ ರಿಪೇರಿ ನಡೆದಿತ್ತು. ಸುತ್ತಲೂ ಹಸಿರು ಬಣ್ಣ ಬಳಿದ ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿದ್ದರು. "ಅಗೋ, ಅದೇ ಅಲ್ವಾ? ಮರದ್ದೇ ಇದೆಯಲ್ಲ!" ಎಂದು ದೊಡ್ಡಮ್ಮ ಮಂಡಿ ಮರೆತು ನಡೆದೇಬಿಟ್ಟರು. ಆ ಮುಖ ಅರಳಿದ್ದು ನೋಡಿ ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹಲಗೆಗೆ ಕೈ ಇಟ್ಟು ನಿಲ್ಲಿಸಿ ಫೋಟೋ ತೆಗೆದೆ. ನಾವು ಮನೆ ಮುಟ್ಟುವ ಮೊದಲೇ ಫೋಟೋ ಫ್ಯಾಮಿಲಿ ಗ್ರೂಪ್ ಮುಟ್ಟಿತ್ತು.

ಭಾನುವಾರ ಮಾವನ ಫೋನು. "ಅಳಿಯಂದ್ರೇ, ಗೋಡೆ ನೋಡ್ದೆ. ದೊಡ್ಡದು ಮಾಡಿ ನೋಡ್ದೆ. ಮೇಲೆ 'ಪೋಸ್ಟ್ ನೋ ಬಿಲ್ಸ್', ಪೋಸ್ಟರ್ ಅಂಟಿಸ್ಬೇಡಿ ಅಂತ ಬರ್ದಿದೆ. ಡಚ್ಚರ ಕಾಲದಲ್ಲೂ ಸಿನಿಮಾ ಪೋಸ್ಟರ್ ಕಾಟ ಇತ್ತೇನು? ಹತ್ತಕ್ಕೆ ಎರಡು."

ಚಕ್ಕುಬಂದಿ

ಮುಂದಿನವರು ಮಾವನ ಸ್ನೇಹಿತರು, ಬೆಂಗಳೂರಿನಲ್ಲಿ ಸಬ್ ರಿಜಿಸ್ಟ್ರಾರ್ ಆಗಿದ್ದು ನಿವೃತ್ತರಾದವರು. ಈ ಸಲ ನಾನು ಸ್ವಲ್ಪ ಓದಿಕೊಂಡಿದ್ದೆ. ಸಮುದ್ರದ ಅಂಚಿನ ಪಾರ್ಕಿನಲ್ಲಿ ಅವರನ್ನು ಕೂರಿಸಿ, ಡಚ್ಚರು ಒಂದಷ್ಟು ಸಾಮಾನು ಕೊಟ್ಟು ಇಲ್ಲಿನ ಮೂಲನಿವಾಸಿಗಳಿಂದ ಇಡೀ ದ್ವೀಪವನ್ನೇ ಕೊಂಡುಕೊಂಡರೆಂಬ ಕತೆ ಹೇಳಿದೆ. ಆಹಾ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಕ್ರಯಪತ್ರ ಇದೆಯಾ?"

"ಸಿಕ್ಕಿಲ್ಲವಂತೆ ಸರ್. ಯಾರೋ ಬರೆದ ಕಾಗದದಲ್ಲಿ ಕೊಂಡ ವಿಷಯ ಇದೆಯಂತೆ."

"ಮಾರಿದವರ ಕುಟುಂಬದೋರೆಲ್ಲ ಒಪ್ಪಿ ಸಹಿ ಹಾಕಿದ್ರಾ? ಹೆಣ್ಣುಮಕ್ಕಳು?"

"ಸರ್, ಭೂಮಿ ಮಾರೋ ಪದ್ಧತೀನೇ ಅವರಲ್ಲಿ ಇರ್ಲಿಲ್ವಂತೆ. ಡಚ್ಚರು ಸ್ವಲ್ಪ ದಿನ ಇದ್ದು ಹೋಗ್ತಾರೆ ಅಂದ್ಕೊಂಡಿರಬಹುದು ಅಂತಾರೆ."

"ನೋಡಿದ್ರಾ, ಬಾಡಿಗೆಗೆ ಬಂದವರು!" ಎಂದು ಅವರು ತೊಡೆ ತಟ್ಟಿಕೊಂಡರು. "ಹೋಗ್ಲಿ, ಚಕ್ಕುಬಂದಿ?"

ಚಕ್ಕುಬಂದಿ ಅಂದರೆ ಸೈಟಿನ ನಾಲ್ಕು ದಿಕ್ಕಿಗೆ ಏನೇನಿದೆ ಅನ್ನುವ ವಿವರ. ಇದೊಂದಕ್ಕೆ ನನ್ನ ಹತ್ತಿರ ಉತ್ತರವಿತ್ತು. "ಪೂರ್ವಕ್ಕೆ ನೀರು, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ನೀರು, ದಕ್ಷಿಣಕ್ಕೆ ನೀರು."

"ಅದೊಂದು ಕ್ಲಿಯರ್ ಇದೆ" ಎಂದು ಎದ್ದು ನಿಂತರು. ಕತ್ತೆತ್ತಿ ಆ ಎಪ್ಪತ್ತು ಎಂಬತ್ತು ಮಹಡಿಯ ಕಟ್ಟಡಗಳನ್ನೆಲ್ಲ ಒಂದು ಸುತ್ತು ನೋಡಿದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು.

"ಇಷ್ಟೆಲ್ಲ ಕಟ್ಕೊಂಡು ಕೂತಿದಾರೆ. ಪಾಪ, ಬಿ ಖಾತಾ ಅಂತ ಯಾರೂ ಹೇಳೇ ಇಲ್ಲ."

ಧರ್ಮದರ್ಶನ

ಆ ಸಲ ಮಾವ ನಾಲ್ಕು ಕೊಟ್ಟರು. ಮೂವತ್ತೈದಕ್ಕೇ ಪಾಸ್ ಮಾಡುವ ನಾಡಿನಲ್ಲಿ ನಲವತ್ತು ಬಂದರೆ ಪಾಸೇ ಅಲ್ಲವೇ ಅಂತ ಕೇಳಿದೆ. "ಅದು ಬೋರ್ಡ್ ಪರೀಕ್ಷೆಗೆ. ಅಳಿಯಂದ್ರಿಗೆ ಐದು" ಅಂದರು.

ಆಮೇಲೆ ಬಂದ ಹೆಂಡತಿಯ ಚಿಕ್ಕಮ್ಮನನ್ನು ಸ್ವಾತಂತ್ರ್ಯದೇವಿಯ ಪ್ರತಿಮೆ ನೋಡಲು ಸ್ಟೇಟನ್ ಐಲೆಂಡಿಗೆ ಹೋಗುವ ಪುಕ್ಕಟೆ ಫೆರ್ರಿ ಹತ್ತಿಸಿದೆ. ಅದು ಪ್ರತಿಮೆಯ ಹತ್ತಿರ ಹೋಗುವುದಿಲ್ಲ, ದೂರದಿಂದಲೇ ಹಾದುಹೋಗುತ್ತದೆ. ಚಿಕ್ಕಮ್ಮ ಕೈಮುಗಿದರು. ಮುಗಿದ ಕೈ ಇಳಿಸದೆಯೇ, ಪ್ರತಿಮೆಯ ಬುಡಕ್ಕೇ ಹೋಗುತ್ತಿದ್ದ ಇನ್ನೊಂದು ದೋಣಿಯನ್ನು ನೋಡಿದರು.

"ಅವರೆಲ್ಲ?"

"ಟಿಕೆಟ್ ತಗೊಂಡೋರು ಚಿಕ್ಕಮ್ಮ."

"ಸ್ಪೆಷಲ್ ದರ್ಶನ. ಹಾಗಾದ್ರೆ ನಮ್ಮದು ಧರ್ಮದರ್ಶನ."

ಆಚೆ ದಡದಲ್ಲಿ ಎಲ್ಲರನ್ನೂ ಇಳಿಸಿ ಮತ್ತೆ ಸಾಲಿನಲ್ಲಿ ಹತ್ತಿಸಿದಾಗಲಂತೂ ಅವರಿಗೆ ಯಾವ ಸಂಶಯವೂ ಉಳಿಯಲಿಲ್ಲ. ವಾಪಸು ಬಂದ ಮೇಲೆ ಗಾಡಿಯವನ ಹತ್ತಿರ ಒಂದು ಪ್ರೆಟ್ಜೆಲ್, ಅಂದರೆ ಗಂಟು ಹಾಕಿ ಬೇಯಿಸಿದ ಬ್ರೆಡ್ಡು, ಕೊಡಿಸಿದೆ. ಭಾನುವಾರ ಮಾವ ಫೋನಿನಲ್ಲಿ ವರದಿ ಓದಿದರು: "ದರ್ಶನ ದೂರ. ಪ್ರಸಾದ ಗಂಟುಗಂಟು, ಉಪ್ಪು ಜಾಸ್ತಿ. ಮೂರು."

ತಡೆದುಕೊಳ್ಳುವ ಶಕ್ತಿ

ಕೊನೆಗೆ ಮಾವನೇ ಬಂದರು. ನಾನು ಎರಡು ತಿಂಗಳು ಬಸ್ಸಿನಲ್ಲಿ ನಿದ್ದೆ ಬಿಟ್ಟು ಊರಿನ ಚರಿತ್ರೆ ಓದಿದ್ದೆ. ಇವತ್ತು ಪಾಸ್ ಆಗದಿದ್ದರೆ ಇನ್ನೆಂದೂ ಇಲ್ಲ ಎಂದು ಗೊತ್ತಿತ್ತು. ಎಂಬತ್ತರ ಮನುಷ್ಯ ಮತ್ತೊಮ್ಮೆ ಇಷ್ಟು ದೂರ ಬರುತ್ತಾರೆಯೇ?

ಮಾವ ಎರಡು ಲೋಟ ಕಾಫಿ ಕುಡಿದು, ಬಿಪಿ ಮಾತ್ರೆ ನುಂಗಿ, ಮಂಕಿ ಕ್ಯಾಪ್ ಹಾಕಿಕೊಂಡು ಬಸ್ ಹತ್ತಿದರು. ಅವತ್ತು ಟರ್ನ್‌ಪೈಕ್ ಹೆದ್ದಾರಿ ಮೇಲೆ ಟ್ರಾಫಿಕ್ಕು, ಎರಡು ಗಂಟೆ ಹಿಡಿಯಿತು. ಇಳಿದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವರು ಬ್ರಾಡ್‌ವೇ ಬೀದಿಯಲ್ಲೇ ನಿಂತು ಪಾಠ ಶುರುಮಾಡಿದರು. ಅವರೂ ಓದಿಕೊಂಡೇ ಬಂದಿದ್ದರು!

"ಹೇಳಿ ಅಳಿಯಂದ್ರೇ, ಇಂಗ್ಲಿಷರ ಹಡಗು ಬಂದು ನಿಂತಾಗ ಡಚ್ ಗವರ್ನರ್ ಏನು ಮಾಡ್ದ?"

ಓದಿದ್ದೆಲ್ಲ ತಲೆಯಿಂದ ಹಾರಿಹೋಯಿತು. "ಯುದ್ಧ ಮಾಡ್ದ" ಅಂದೆ.

"ತಪ್ಪು! ಒಂದು ಗುಂಡೂ ಹಾರಿಸ್ದೆ ಊರು ಬಿಟ್ಟುಕೊಟ್ಟ. ಯಾಕೆ?"

"ಗೊತ್ತಿಲ್ಲ ಮಾವ."

"ಅವನಿಗೆ ಯುದ್ಧ ಮಾಡೋ ಮನಸ್ಸಿರ್ಲಿಲ್ಲ ಅಂತಲ್ಲ. ಆದ್ರೆ ಊರಿಗೆ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ." ಮಾವ ತಟ್ಟನೆ ಕಾಲು ಜೋಡಿಸಿ ನಿಂತರು. ಮುಖ ಬಿಳಿಚಿಕೊಂಡಿತು. ಆಮೇಲೆ ಮೆಲ್ಲಗೆ ಅಂದರು: "ನನಗೂ ಇಲ್ಲ."

ನ್ಯೂಯಾರ್ಕಿನಲ್ಲಿ ಸಿಗದಿರುವುದು ಏನೂ ಇಲ್ಲ ಅನ್ನುತ್ತಾರೆ. ಬೀದಿಯಲ್ಲಿ ನಿಂತ ಮನುಷ್ಯನಿಗೆ ಒಂದು ರೆಸ್ಟ್‌ರೂಮ್ ಸಿಗುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಅದೇ ಬೀದಿಗಳಲ್ಲಿ ಓಡಾಡಿದವನು ನಾನು. ಯಾವ ಕಟ್ಟಡದಲ್ಲಿ ಬಿಡುತ್ತಾರೆ, ಎಲ್ಲಿ ಕಾಫಿ ಕೊಂಡರೆ ಮಾತ್ರ ಬಾಗಿಲು ತೆರೆಯುವ ನಂಬರು ಕೊಡುತ್ತಾರೆ, ಎಲ್ಲವೂ ಬಾಯಿಪಾಠ. "ಬನ್ನಿ ಮಾವ, ನೂರಿಪ್ಪತ್ತು ಹೆಜ್ಜೆ. ಎಡಕ್ಕೆ ಹೋಟೆಲು, ಎರಡನೇ ಮಹಡಿ. ನಮ್ಮ ಸ್ವಂತ ಮನೆ ಅನ್ನೋ ಹಾಗೆ ಒಳಗೆ ನಡೀಬೇಕು. ಯಾರ ಮುಖಾನೂ ನೋಡ್ಬೇಡಿ."

ಮಾವ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಬಾಗಿಲಲ್ಲಿ ಕೋಟು ತೊಟ್ಟು ನಿಂತವನ ಎದುರು ನಿಂತೇಬಿಟ್ಟರು. ಕ್ಯಾಪ್ ತೆಗೆದು, ಕ್ಲಾಸಿನ ದನಿಯಲ್ಲಿ, "ಗುಡ್ ಮಾರ್ನಿಂಗ್ ಸರ್. ವಿ ಆರ್ ನಾಟ್ ಸ್ಟೇಯಿಂಗ್ ಹಿಯರ್. ಓನ್ಲಿ ಯೂರಿನ್" ಅಂದರು. ಲಾಬಿಯಲ್ಲಿದ್ದವರೆಲ್ಲ ತಿರುಗಿದರು. ಆ ಪುಣ್ಯಾತ್ಮ ನಗು ತಡೆದುಕೊಂಡು ಲಿಫ್ಟಿನ ಗುಂಡಿ ತಾನೇ ಒತ್ತಿದ.

ಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ನಿಂತೆ. ಎರಡು ತಿಂಗಳು ಓದಿದ್ದು ನೀರಿನಲ್ಲಿ ಹೋಮವಾಯಿತಲ್ಲ! ಬಹಳ ಹೊತ್ತಾದ ಮೇಲೆ ಒಳಗಿನಿಂದ ದೀರ್ಘವಾದ ಒಂದು ಉಸಿರು, ಅದರ ಹಿಂದೆ ದನಿ.

"ಅಳಿಯಂದ್ರೇ, ಇದೀರಾ?"

"ಇದೀನಿ ಮಾವ."

"ಚರಿತ್ರೆಯಲ್ಲಿ ನಿಮಗೆ ಸೊನ್ನೆ."

"ಗೊತ್ತು ಮಾವ."

"ಭೂಗೋಳದಲ್ಲಿ ಹತ್ತಕ್ಕೆ ಹತ್ತು."

ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ದನಿ: "ಇಲ್ಲಿ ನೀರು ಬಿಡೋ ಗುಂಡಿನೇ ಇಲ್ವಲ್ಲ?"

"ಏನೂ ಮುಟ್ಬೇಡಿ ಮಾವ. ಒಂದು ಹೆಜ್ಜೆ ಹಿಂದಕ್ಕೆ ಬನ್ನಿ, ಅದೇ ಬರುತ್ತೆ."

ಒಳಗೆ ಹೆಜ್ಜೆ ಸರಿದ ಸದ್ದಾಯಿತು. ಮರುಕ್ಷಣ ಭೋರ್ ಎಂದು ನೀರು. ಆ ಭೋರ್ಗರೆತವನ್ನೂ ಮೀರಿಸಿ ಮಾವ ಕೂಗಿದರು.

"ವಿಜ್ಞಾನದಲ್ಲೂ ಹತ್ತು ಹಾಕ್ಕೊಳ್ಳಿ!"