ಕಂಪ್ಯೂಟರ್ ಡಬ್ಬಿ ಬಿಚ್ಚುವ ಮುಂಚೆ

ನಾರಾಯಣಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಡಬ್ಬಿ ಬಿಚ್ಚುವ ಮುಂಚೆ ನಾನು ಹೇಳುವ ಎಚ್ಚರಿಕೆಯ ಮಾತುಗಳನ್ನು ಜನ ಕೇಳುವುದಿಲ್ಲ ಎಂಬ ದೂರು ನನಗಿಲ್ಲ. ಕೇಳುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಕರೆಂಟ್

ಮಕ್ತಲ್‌ನ ಬೀಜ-ಗೊಬ್ಬರದ ಅಂಗಡಿಯ ಸಾವಕಾರರು ಫೋನ್ ಮಾಡಿದರು. ಕಂಪ್ಯೂಟರಿನಿಂದ ಸುಟ್ಟ ವಾಸನೆ ಬರುತ್ತಿತ್ತಂತೆ. "ನಾ ಬರೋತನಕ ಕರೆಂಟ್ ತೆಗೆದಿಡ್ರಿ, ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಸ್ ಹತ್ತಿದೆ.

ಹೋಗಿ ನೋಡಿದರೆ ಬೀದಿಗೆ ಬೀದಿಯೇ ಹೊರಗೆ ಕೂತು ಗಾಳಿ ಬೀಸಿಕೊಳ್ಳುತ್ತಿದೆ. ಹಿಟ್ಟಿನ ಗಿರಣಿ ನಿಂತಿದೆ. ಸಾವಕಾರರು ಪರಿಚಯದ ಲೈನ್‌ಮನ್‌ಗೆ ಹೇಳಿ ಟ್ರಾನ್ಸ್‌ಫಾರ್ಮರನ್ನೇ ಬಂದ್ ಮಾಡಿಸಿದ್ದರು.

"ಗೋಡಿ ಮ್ಯಾಲಿನ ಪ್ಲಗ್ ಕಿತ್ತಿದ್ರ ಸಾಕಾಗ್ತಿತ್ತಲ್ರೀ" ಎಂದೆ.

"ಕೀಳಾಕ ಅದನ್ನ ಮುಟ್ಟಬೇಕಲ್ರಿ" ಎಂದರು ಅವರು ಸಮಾಧಾನದಿಂದ. "ಮುಟ್ಟಬ್ಯಾಡ್ರಿ ಅಂದೋರು ನೀವ."

ಮಡಿ

ನಮ್ಮೂರಿನ ಅರ್ಚಕರ ಮನೆ. ಜಾತಕ ಬರೆಯುವ ಕಂಪ್ಯೂಟರ್ ಶುರುವಾಗುತ್ತಿರಲಿಲ್ಲ. ನಾನು ಕೈ ತೊಳೆದು, ಪಸೆ ಇಲ್ಲದಂತೆ ಒರೆಸಿಕೊಂಡೆ. ಉಂಗುರ, ಗಡಿಯಾರ ತೆಗೆದಿಟ್ಟೆ. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟ್ ಹೋಗಲೆಂದು ಸ್ವಿಚ್ ಅದುಮಿ ಹಿಡಿದು ಮಾತಾಡದೆ ಕೂತೆ. ಅರ್ಚಕರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಅರ್ಚಕರು ಕೈ ಅಡ್ಡ ಹಿಡಿದು, "ಅಲ್ಲೇ ನಿಂದ್ರು. ಅವರು ಮಡಿಯೊಳಗಿದ್ದಾರ" ಎಂದರು ಮೆಲ್ಲಗೆ.

ಕಂಪ್ಯೂಟರ್ ಸರಿಹೋಯಿತು. ಆ ತಾಯಿ ಚಹಾ ಹಿಡಿದು ಇನ್ನೂ ಬಾಗಿಲಲ್ಲೇ ಇದ್ದರು. "ಮುಟ್ಟಬಹುದೇನ್ರಿ ಈಗ?" ಎಂದು ಕೇಳಿದರು.

"ಧಾರಾಳ ಮುಟ್ರಿ, ಕಂಪ್ಯೂಟರ್‌ಗೆ ಏನೂ ಆಗಂಗಿಲ್ಲ" ಎಂದೆ.

"ಅದಲ್ರಿ, ನಿಮ್ಮನ್ನ."

ಕಬ್ಬಿಣ

ಗದ್ವಾಲದಲ್ಲಿ ರೇಷ್ಮೆ ಸೀರೆ ನೇಯಿಸುವ ಯಜಮಾನರ ಮನೆ. ಮದುವೆ ಸೀರೆಯ ಅಂಚಿನ ಚಿತ್ರಗಳೆಲ್ಲ ಕೆಟ್ಟ ಕಂಪ್ಯೂಟರಿನಲ್ಲಿ ಸಿಕ್ಕಿಕೊಂಡಿದ್ದವು. ತಪ್ಪು ಯಾರದೆಂದು ಗಂಡ ಹೆಂಡತಿ ಜಗಳಾಡಿ ಮುಗಿಸಿ, ಮಾತು ಬಿಟ್ಟು ಕೂತಿದ್ದರು.

ನಾನು ಡಬ್ಬಿ ಬಿಚ್ಚಿದೆ. ಯಜಮಾನಿ ಬಗ್ಗಿ, ಒಳಗಿನ ಹಸಿರು ಹಲಗೆಯ ಮೇಲಿನ ಕೂದಲೆಳೆಯಂಥ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಒಂದ ಎಳಿ ಇನ್ನೊಂದಕ್ಕ ತಾಗಿಲ್ಲ. ಯಾರು ನೇಯ್ದಾರಪ್ಪ ಇದನ್ನ?"

ಇಷ್ಟು ವರ್ಷ ಬಿಚ್ಚಿದ್ದೇನೆ, ಹಾಗೆ ಒಮ್ಮೆಯೂ ನೋಡಿರಲಿಲ್ಲ.

ಅವರು ಬೆರಳು ಚಾಚಿದರು. ತಡೆದೆ. "ಮೊದಲು ಡಬ್ಬಿ ಕಬ್ಬಿಣ ಮುಟ್ರಮ್ಮ. ರೇಷ್ಮಿ ತಿಕ್ಕಿ ತಿಕ್ಕಿ ಮೈಯಾಗ ಕರೆಂಟ್ ಕೂತಿರತೈತಿ. ಅದು ಕಬ್ಬಿಣಕ್ಕ ಇಳೀಬೇಕು. ಇಲ್ಲಾಂದ್ರ ಹಲಗೀಗೆ ಹಾರಿ ಸುಡತೈತಿ."

"ಮೈಯಾಗ ಕರೆಂಟಾ?" ಅಂಗೈಯನ್ನು ಮೊದಲ ಸಲ ಕಂಡವರಂತೆ ನೋಡಿಕೊಂಡರು. ಆಮೇಲೆ ಗಂಡನತ್ತ ತಿರುಗಿದರು. "ಕೇಳಿದ್ರೇನ್ರಿ?"

ಮಾತು ಮತ್ತೆ ಶುರುವಾಯಿತು. ಚಿತ್ರಗಳೂ ಸಿಕ್ಕವು.

ಮತ್ತೊಮ್ಮೆ ಹೋದಾಗ ಆ ಮನೆಯ ಬಾಗಿಲಲ್ಲಿ ಒಂದು ಕಬ್ಬಿಣದ ಹಾರೆ ನಿಲ್ಲಿಸಿತ್ತು. ಕಟ್ಟೆಯ ಮೇಲೆ ಕೂತಿದ್ದ ಯಜಮಾನರು, "ಅದನ್ನ ಮುಟ್ಟಿ ಒಳಗ ಬರ್ರಿ" ಎಂದರು. "ಕರೆಂಟಿನ ಕೂಡ ಸಿಟ್ಟೂ ಇಳೀತೈತಂತ. ಮನ್ಯಾಕಿ ಹುಕುಂ."

"ಅಮ್ಮನೂ ಮುಟ್ಟತಾರೇನ್ರಿ?"

ಯಜಮಾನರು ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದರು.

"ದಿನಾ ಮುಟ್ಟತಾಳ. ಆದ್ರ ಅಷ್ಟು ಸಿಟ್ಟು ಇಳಿಸಾಕ ರೈಲಿನ ಹಳೀನ ತರಬೇಕ್ರಿ."