ಮೈತುಂಬ ಎ1 ಪಡೆದ ಕಾರು

ನಾನು ಮೈಸೂರಿನ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದವಳು. ಉತ್ತರಪತ್ರಿಕೆ, ಅಂಕಪಟ್ಟಿ, ಗ್ರೇಡು ಎಂದರೆ ನನಗೆ ನೀರು ಕುಡಿದಷ್ಟು ಸಲೀಸು. ಗಂಡನ ಕೆಲಸದ ದೆಸೆಯಿಂದ ಟೋಕಿಯೋದ ಓಜಿಮಾಕ್ಕೆ ಬಂದು ಮೂರು ವರ್ಷವಾದರೂ ಆ ಧೈರ್ಯ ಕರಗಿರಲಿಲ್ಲ. ಹಾಗಾಗಿ ಮನೆಯಲ್ಲಿ ಹಳೇ ಕಾರು ಕೊಳ್ಳುವ ಮಾತು ಬಂದಾಗ, ಅದರ ತಪಾಸಣೆ ಹಾಳೆಯನ್ನು ಓದುವ ಜವಾಬ್ದಾರಿ ನನ್ನದು ಎಂದು ನಾನೇ ಘೋಷಿಸಿದೆ.

ಕಾರು ಬೇಕಾಗಿದ್ದದ್ದು ನಮ್ಮತ್ತೆಗಾಗಿ. ಅವರು ಮೂರು ತಿಂಗಳ ಮಟ್ಟಿಗೆ ಬರುವವರಿದ್ದರು. ಮಂಡಿನೋವು, ಇಲ್ಲಿನ ಸ್ಟೇಷನ್ನುಗಳ ಮೆಟ್ಟಿಲು ಹತ್ತಲಾರರು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ನನ್ನಿಂದ ಏನನ್ನೂ ಬಾಯಿಬಿಟ್ಟು ಕೇಳದವರು ಮೊದಲ ಸಲ ಫೋನಿನಲ್ಲಿ, ಫುಜಿ ಪರ್ವತವನ್ನು ಹತ್ತಿರದಿಂದ ನೋಡಬಹುದೇನೋ ಎಂದು ಮೆಲ್ಲಗೆ ಕೇಳಿದ್ದರು. ಕರೆದುಕೊಂಡು ಹೋಗಿಯೇ ಸಿದ್ಧ ಎಂದು ಮಾತು ಕೊಟ್ಟುಬಿಟ್ಟಿದ್ದೆ.

ಜಪಾನಿನಲ್ಲಿ ಹಳೇ ಕಾರುಗಳು ಬಹುಪಾಲು ಹರಾಜಿನಲ್ಲಿ ಕೈ ಬದಲಾಯಿಸುತ್ತವೆ. ನಮ್ಮಂಥವರು ನೇರವಾಗಿ ಕೂಗುವಂತಿಲ್ಲ. ನಮ್ಮ ಪರವಾಗಿ ಡೀಲರೊಬ್ಬರು ಕೂಗಬೇಕು. ನಮಗೆ ಸಿಕ್ಕಿದವರು ಕುಬೋತಾ-ಸಾನ್. ಅರವತ್ತು ದಾಟಿದವರು, ಇಂಗ್ಲಿಷ್ ಬಲ್ಲವರು, ನಮ್ಮ ಬಡಾವಣೆಯ ಹಿಂದಿನ ಬೀದಿಯಲ್ಲಿ ಪುಟ್ಟ ಆಫೀಸು. ಪ್ರತಿ ಕಾರಿಗೂ ಒಂದೊಂದು ಹಾಳೆಯಿರುತ್ತದೆ, ಹರಾಜಿನವರ ಇನ್‌ಸ್ಪೆಕ್ಟರ್ ಕಾರನ್ನು ಪರೀಕ್ಷಿಸಿ ಬರೆದದ್ದು ಎಂದು ವಿವರಿಸಿ, ಎರಡು ಹಾಳೆಗಳನ್ನು ನನ್ನ ಮುಂದಿಟ್ಟರು. ಎರಡರಲ್ಲೂ ಬಿಡಿಸಿಟ್ಟ ರಟ್ಟಿನ ಡಬ್ಬದಂತೆ ಕಾರಿನ ಚಿತ್ರ, ಅದರ ಮೇಲೆ ಅಲ್ಲಲ್ಲಿ ಅಕ್ಷರಗಳು. ಓದಿ ಹೇಳಲೇ ಎಂದು ಅವರು ಕೇಳಿದರು. ನಾನು ಟೀಚರ್, ನನಗೆ ಅರ್ಥವಾಗುತ್ತದೆ ಎಂದು ನಯವಾಗಿ ನಿರಾಕರಿಸಿದೆ.

ಮೊದಲನೆಯ ಹಾಳೆ ನೋಡಿ ಮರುಕವಾಯಿತು. ಮೂಲೆಯಲ್ಲಿ ನಾಲ್ಕೂವರೆ ಎಂದಿತ್ತು. ಹತ್ತಕ್ಕೆ ನಾಲ್ಕೂವರೆ ಎಂದರೆ ಎದ್ದೂ ಬಿದ್ದೂ ಪಾಸು. ಚಿತ್ರವೆಲ್ಲ ಖಾಲಿ. ಬಾಗಿಲಿಗೆ ಗ್ರೇಡಿಲ್ಲ, ಬಾನೆಟ್ಟಿಗೆ ಗ್ರೇಡಿಲ್ಲ. ಪರೀಕ್ಷೆಗೇ ಗೈರುಹಾಜರಾದ ಕಾರು. ಎರಡನೆಯದೋ, ಸ್ಕೂಲಿಗೇ ಫಸ್ಟ್! ಎಡ ಬಾಗಿಲಿಗೆ ಎ1, ಬಲ ಬಾಗಿಲಿಗೆ ಎ1, ಬಂಪರಿಗೆ ಎ2. ನಮ್ಮ ಶಾಲೆಯಲ್ಲಿ ಎ1 ಎಂದರೆ ಅದಕ್ಕಿಂತ ಮೇಲೆ ಇನ್ನೇನೂ ಇಲ್ಲ. ಮೂಲೆಯಲ್ಲಿ ಅಂಕೆಯ ಬದಲು ದಪ್ಪಕ್ಷರದಲ್ಲಿ ‘ಆರ್’. ರೆಕಮೆಂಡೆಡ್ ಎಂದು ಊಹಿಸಲು ನನಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಕೆಳಗೆ ಕೈಬರಹದಲ್ಲಿ ಎರಡು ಸಾಲು ಜಪಾನಿ ಇತ್ತು. ಷರಾ ಇರಬೇಕು. ಷರಾವನ್ನು ಯಾರು ಓದುತ್ತಾರೆ?

ಎರಡನೆಯದೇ ಬೇಕು ಎಂದೆ. ಕುಬೋತಾ-ಸಾನ್ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, ತಲೆ ವಾಲಿಸಿ, "ಚೊಟ್ಟೊ..." ಎಂದರು. ಚೊಟ್ಟೊ ಎಂದರೆ ಸ್ವಲ್ಪ ಎಂದು ನನಗೆ ಗೊತ್ತಿತ್ತು; ಬೇಡ ಎಂಬುದನ್ನೂ ಇಲ್ಲಿನವರು ಹಾಗೇ ನಯವಾಗಿ ಹೇಳುತ್ತಾರೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಅವರೂ ಕಾದರು. ಆಮೇಲೆ ‘ಆರ್’ ಮೇಲೆ ಬೆರಳಿಟ್ಟು, ಇದು ಪರವಾಗಿಲ್ಲವೇ ಎಂದು ಕೇಳಿದರು. ಅದಕ್ಕಾಗಿಯೇ ಆರಿಸಿದ್ದು ಎಂದೆ. ಅವರು ನನ್ನನ್ನು ಬಹಳ ಗೌರವದಿಂದ ನೋಡಿ ತಲೆಬಾಗಿದರು.

ಶಿನಾಗಾವಾದ ಆಫೀಸಿನಿಂದ ಮರಳಿದ ನಮ್ಮವರು, ಶ್ರೀಧರ, "ಒಂದ್ಸಲ ಯಾರಿಗಾದ್ರೂ ತೋರಿಸೋಣ್ವಾ?" ಎಂದರು. ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತವರಿಗೆ ಅಂಕಪಟ್ಟಿಯ ಮರ್ಮ ತಿಳಿಯುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ.

ಹರಾಜಿನಲ್ಲಿ ಕಾರು ನಮಗೇ ಆಯಿತು. ನಮ್ಮ ಎದುರಾಗಿ ಕೂಗಿದವರು ತೀರ ಕಡಿಮೆ ಎಂದು ಕೇಳಿದಾಗ, ಜಪಾನೀಯರ ಅಜ್ಞಾನಕ್ಕೆ ಮರುಗಿದೆ.

ಕಾರು ತರಲು ಕುಬೋತಾ-ಸಾನ್ ನನ್ನನ್ನೂ ಹರಾಜಿನ ಅಂಗಳಕ್ಕೆ ಕರೆದೊಯ್ದರು. ಕಾರಿಗೆ ಒಂದು ಸುತ್ತು ಹಾಕಿ ನೋಡಿದೆ. ಎಡ ಬಾಗಿಲಿನ ಮೇಲೆ ಗೀರು. ಬಲ ಬಾಗಿಲಿನ ಮೇಲೂ ಗೀರು. ಬಂಪರಿನ ಮೇಲೆ ಗೇಣುದ್ದದ್ದು. ಅತ್ತೆ ಬರಲು ಇನ್ನು ಎಂಟೇ ದಿನ. ಮೋಸ ಹೋದೆನೆಂದು ಕಣ್ಣು ತುಂಬಿಬಂತು, ಬೆನ್ನಿಗೇ ಕೋಪವೂ ಬಂತು. ಆ ಹಾಳೆ ಬರೆದವರನ್ನು ಕರೆಸಿ ಎಂದೆ.

ಬಂದವರು ಟೊಪ್ಪಿ ಧರಿಸಿದ, ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡ, ಸಣ್ಣ ಮೈಕಟ್ಟಿನ ಮನುಷ್ಯ. ಇನ್ನೊಂದು ಕಾರಿನ ಅಡಿಯಿಂದ ಆಗಷ್ಟೇ ಹೊರಬಂದಿದ್ದರು, ಕೈಯಲ್ಲಿ ಟಾರ್ಚಿತ್ತು. ನಾನು ಎಡ ಬಾಗಿಲಿನ ಗೀರು ತೋರಿಸಿ, ಇದಕ್ಕೆ ನೀವು ಎ1 ಬರೆದಿದ್ದೀರಿ ಎಂದು ಗಂಭೀರವಾಗಿ ನುಡಿದೆ. ಅವರು ಹಾಳೆ ನೋಡಿದರು, ಗೀರು ನೋಡಿದರು.

"ಹಾಯ್. ಎ1," ಎಂದು ಒಪ್ಪಿಕೊಂಡರು. ಹಾಯ್ ಎಂದರೆ ಜಪಾನಿಯಲ್ಲಿ ಹೌದು.

ಬಲ ಬಾಗಿಲು ತೋರಿಸಿದೆ. ಅದಕ್ಕೂ ಹಾಗೇ ಹೌದೆಂದರು. ಬಂಪರ್ ತೋರಿಸಿದೆ. ಬೆರಳಿನಿಂದ ಗೀರು ಅಳೆದು, ಎ2 ಎಂದು ಖಚಿತಪಡಿಸಿದರು. ನಾನು ಒಂದೊಂದು ದೋಷ ಹೇಳಿದಂತೆಲ್ಲ ಅವರ ಮುಖ ಅರಳುತ್ತಿತ್ತು. ತಮ್ಮ ಬರವಣಿಗೆಯನ್ನು ಇಷ್ಟು ಶ್ರದ್ಧೆಯಿಂದ ತಾಳೆ ನೋಡಿದ ಗಿರಾಕಿ ಅವರಿಗೆ ಸಿಕ್ಕಿರಲಿಲ್ಲವೋ ಏನೋ.

ಕಡೆಗೆ ಹಾಳೆಯಲ್ಲಿಲ್ಲದ ಒಂದು ಕಲೆ ಹಿಂಬದಿಯಲ್ಲಿ ಕಂಡಿತು. ಇದು ಎಲ್ಲಿದೆ ಎಂದೆ. ಆ ಮನುಷ್ಯನ ಮುಖ ಬಿಳಿಚಿತು. ನೆಲಕ್ಕೆ ಮಂಡಿಯೂರಿ ಟಾರ್ಚು ಹಾಕಿದರು. ಸುಮಿಮಾಸೆನ್ ಎಂದು ಎರಡು ಸಲ ಕ್ಷಮೆ ಕೇಳಿದರು. ಆಮೇಲೆ ಕರವಸ್ತ್ರ ತೆಗೆದು ಮೆಲ್ಲಗೆ ಒರೆಸಿದರು. ಹೋಯಿತು. ಕೆಸರು.

ಆಗ ಕುಬೋತಾ-ಸಾನ್ ನನ್ನನ್ನು ಪಕ್ಕಕ್ಕೆ ಕರೆದು, ಮೆಲುದನಿಯಲ್ಲಿ, ಎ ಎಂದರೆ ಏನೆಂದು ಕೇಳಿದರು. ಉತ್ತಮ ದರ್ಜೆ ಎಂದೆ. ಅವರು ಹಾಳೆ ಬಿಡಿಸಿ ಒಂದೊಂದಾಗಿ ವಿವರಿಸಿದರು. ಎ ಎಂದರೆ ಗೀರು. ಎ1 ಸಣ್ಣದು, ಎ2 ಅದಕ್ಕಿಂತ ದೊಡ್ಡದು. ಏನೂ ಬರೆಯದಿದ್ದರೆ ದೋಷವಿಲ್ಲ ಎಂದರ್ಥ. ನಾಲ್ಕೂವರೆ ಎಂದರೆ ಹಳೇ ಕಾರುಗಳಲ್ಲಿ ಬಹಳ ಒಳ್ಳೆಯದು. ಆರ್ ಎಂದರೆ ಅಪಘಾತವಾಗಿ ರಿಪೇರಿಯಾದದ್ದು. ಷರಾದಲ್ಲಿ, ಹಿಂದಿನ ಸೀಟಿನಲ್ಲಿ ನಾಯಿಯ ವಾಸನೆಯಿದೆ, ಎಂಜಿನ್ ಮತ್ತು ಗೇರು ಉತ್ತಮವಾಗಿವೆ ಎಂದಿತ್ತು.

"ಓಕುಸಾನ್ ಎಲ್ಲ ತಿಳಿದೂ ಇದನ್ನೇ ಬಯಸಿದರು ಅಂದುಕೊಂಡೆ," ಎಂದರು. ಓಕುಸಾನ್ ಎಂದರೆ ಮನೆಯೊಡತಿ, ಅಂದರೆ ನಾನು. "ಗೀರುಗಳಿಗೆ ಹೆದರದ ಜನ ಈಗ ಅಪರೂಪ. ನನಗೆ ಬಹಳ ಗೌರವ ಮೂಡಿತ್ತು."

ಹಿಂದಿರುಗಿಸುವ ಹಾಗಿರಲಿಲ್ಲ. ಅವರು ಒಂದನ್ನೂ ಮುಚ್ಚಿಟ್ಟಿರಲಿಲ್ಲವಲ್ಲ! ಅಷ್ಟರಲ್ಲಿ ಆ ಇನ್‌ಸ್ಪೆಕ್ಟರ್ ಮುಂದಿನ ಕಾರಿನ ಬಳಿ ಹೋಗಿ, ಬಾಗಿಲಿನ ಮಟ್ಟಕ್ಕೆ ಕಣ್ಣಿಟ್ಟು, ಬೆಳಕು ಎಲ್ಲಿ ಬಾಗುತ್ತದೆಂದು ನೋಡುತ್ತಿದ್ದರು. ಮಾರುವವನ ಮುಲಾಜಿಲ್ಲ, ಕೊಳ್ಳುವವನ ಹಂಗಿಲ್ಲ. ಹನ್ನೊಂದು ವರ್ಷದಲ್ಲಿ ನಾನು ತಿದ್ದಿದ ಒಂದು ಉತ್ತರಪತ್ರಿಕೆಯನ್ನಾದರೂ ಅಷ್ಟು ನಿಷ್ಪಕ್ಷಪಾತವಾಗಿ ನೋಡಿದ್ದೆನೇ? ದುಂಡಗೆ ಬರೆಯುವ ಹುಡುಗಿಯರಿಗೆ ಎರಡಂಕ ಹೆಚ್ಚೇ ಹಾಕಿದವಳು ನಾನು. ನಿಂತಲ್ಲೇ ಆ ಮನುಷ್ಯನಿಗೆ ತಲೆಬಾಗಿದೆ. ಅವರು ಗಡಿಬಿಡಿಯಿಂದ ಇನ್ನೂ ಕೆಳಗೆ ಬಾಗಿದರು.

ಎಂಜಿನ್ ಉತ್ತಮ ಎಂದು ಅವರು ಬರೆದದ್ದೂ ಅಷ್ಟೇ ನಿಜವಾಗಿತ್ತು. ಕುಬೋತಾ-ಸಾನ್ ತಾವೇ ಬಂದು ಎರಡು ದಿನ ಕೂತು ಸೀಟು ತೊಳೆದುಕೊಟ್ಟರು. ಅತ್ತೆ ಬಂದ ಎರಡನೆಯ ವಾರ, ಶ್ರೀಧರ ಓಡಿಸಿದರು. ಕಾರು ಒಂದು ಸಲವೂ ಕೆಮ್ಮದೆ ಫುಜಿಯ ಬುಡದ ಸರೋವರದವರೆಗೆ ಹೋಯಿತು. ಮೋಡವಿರಲಿಲ್ಲ. ಅತ್ತೆ ಕಾರಿನಿಂದ ಇಳಿಯದೆಯೇ ಬಾಗಿಲು ತೆಗೆದುಕೊಂಡು, ಬಹಳ ಹೊತ್ತು ಪರ್ವತವನ್ನು ನೋಡುತ್ತ ಕೂತರು.

"ಕಾರು ಚೆನ್ನಾಗಿದೆ ಕಣಮ್ಮ. ಯಾರು ಆರಿಸಿದ್ದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಶ್ರೀಧರ, "ಅವಳೇ ಅಮ್ಮ. ಪೂರ್ತಿ ಹಾಳೆ ಒಬ್ಬಳೇ ಓದಿದಳು," ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅತ್ತೆ ಇದನ್ನು ಇಲ್ಲಿನ ಕನ್ನಡದವರಿಗೆಲ್ಲ ಹೇಳಿ ಹೋದರು. ಅಂದಿನಿಂದ ಹಳೇ ಕಾರು ಕೊಳ್ಳುವವರು ಹಾಳೆಯ ಫೋಟೋವನ್ನು ನನಗೇ ಕಳಿಸುತ್ತಾರೆ. ಒಂದು ದಿನ ಸಮಯ ಕೊಡಿ, ಅಧ್ಯಯನ ಮಾಡಬೇಕು ಎಂದು ಹೇಳಿ, ಅದನ್ನು ಗುಟ್ಟಾಗಿ ಕುಬೋತಾ-ಸಾನ್‌ಗೆ ಕಳಿಸುತ್ತೇನೆ. ಅವರ ಇಂಗ್ಲಿಷ್ ಉತ್ತರವನ್ನು ನನ್ನದೆಂಬಂತೆ ದಾಟಿಸುತ್ತೇನೆ.

ಹೋದ ವಾರ ವಾಕೋ ಪಟ್ಟಣದ ಗೆಳತಿ ಸುಧಾಳಿಗೂ ಹಾಗೇ ದಾಟಿಸಿದೆ. ಕೊನೆಯಲ್ಲಿ ಒಂದು ಸಾಲು ಜಪಾನಿ ಇತ್ತು. ಶುಭಾಶಯವಿರಬೇಕೆಂದು ಅದನ್ನೂ ಹಾಗೇ ಕಳಿಸಿದೆ. ಸುಧಾಳ ಗಂಡ ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ, ಜಪಾನಿ ಚೆನ್ನಾಗಿ ಬಲ್ಲವರು. ಅವರು ಅದನ್ನು ಅನುವಾದಿಸಿ ನನಗೇ ಮರಳಿಸಿದ್ದಾರೆ: "ಗೌರವಾನ್ವಿತ ಓಕುಸಾನ್, ಈ ಸಲವೂ ತಾವೇ ಓದದೆ ನನ್ನನ್ನು ಕೇಳಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು."